ಹೆಡ್‌ಫೋನ್ ಹಾಕಿದವರನ್ನು ಕರೆಯಬಾರದು

ಭಾನುವಾರ ಎಂದರೆ ನನಗೆ ಈಗ ಮೈ ಭಾರ. ವಾರವಿಡೀ ಗೋವಾದ ಉಸಗಾಂವದ ಸುತ್ತ ಮನೆಗಳಿಗೆ ವೈರಿಂಗ್ ಮಾಡಿ ಸಾಕಾಗಿರುತ್ತದೆ. ಮಲಗೋಣವೆಂದರೆ ಸಾಂಖಳಿಯ ಬಸ್ಸು ಹಿಡಿಯಬೇಕು. ಅಲ್ಲಿ ಒಂದು ಹಂಚಿನ ಮನೆಯಲ್ಲಿ ಪುಟ್ಟ ಮ್ಯೂಸಿಯಂ ಇದೆ. ವೈರಿಗಳ ರೇಡಿಯೊ ಮಾತನ್ನು ಕದ್ದು ಕೇಳಲು ಸೈನ್ಯ ಒಂದು ಕಾಲಕ್ಕೆ ಬಳಸಿದ ರಿಸೀವರ್‌ಗಳು ಅಲ್ಲಿವೆ. ನಮಗೆ ಸಂಬಳವಿಲ್ಲ, ನೋಡುವವರಿಗೆ ಟಿಕೆಟ್ಟಿಲ್ಲ. ಕಲಂಗುಟ್‌ನಲ್ಲಿ ಮಳೆ ಹಿಡಿದುಕೊಂಡರೆ ಹೊತ್ತು ಕಳೆಯಲು ನಾಲ್ಕು ಜನ ಬಂದು ಫೋಟೊ ತೆಗೆದುಕೊಂಡು ಹೋಗುತ್ತಾರೆ.

ಅದನ್ನು ನಡೆಸುತ್ತಿದ್ದ ನಿವೃತ್ತ ಸೈನಿಕರಲ್ಲಿ ಕೆಲವರು ತೀರಿಕೊಂಡರು, ಕೆಲವರು ಊರು ಸೇರಿದರು. ಉಳಿದವರು ಧಾರವಾಡದ ಕಡೆಯ ಒಬ್ಬ ಅಜ್ಜ, ಮತ್ತು ಬೆಸುಗೆ ಹಾಕಲು ಬರುತ್ತದೆಂಬ ತಪ್ಪಿಗೆ ಸಿಕ್ಕಿಬಿದ್ದ ನಾನು. ಮಳೆಗಾಲದಲ್ಲಿ ಪ್ರತಿ ರಿಸೀವರಿನೊಳಗೂ ಒಂದು ಸಣ್ಣ ಬಲ್ಬ್ ಉರಿಸಿ, ಬಾಣಂತಿ ಕೋಣೆಯ ಹಾಗೆ ಬೆಚ್ಚಗಿಡಬೇಕು. ಇಲ್ಲದಿದ್ದರೆ ಬೂಸ್ಟು ಬರುತ್ತದೆ.

ಅಜ್ಜನ ಕೆಲಸ ಒಂದೇ. ಹೆಡ್‌ಫೋನ್ ಹಾಕಿಕೊಂಡು ಕೂತು ಗುಂಡಿ ತಿರುಗಿಸುವುದು. ಸೈನ್ಯದಲ್ಲಿ ಮಾಡಿದ್ದೂ ಅದನ್ನೇ. ಅಲ್ಲಿಂದ ಬಂದ ಒಂದು ರೂಢಿಯನ್ನು ನಾವು ಯಾರೂ ಮುರಿದಿಲ್ಲ. ಹೆಡ್‌ಫೋನ್ ಹಾಕಿದವರನ್ನು ಕೂಗಿ ಕರೆಯಬಾರದು. ಹೆಗಲು ಮುಟ್ಟಿ, ಅವರಾಗಿ ತಿರುಗುವವರೆಗೆ ಕಾಯಬೇಕು.

ಒಂದು ಭಾನುವಾರ ಬಲ್ಬ್ ಹಾಕುತ್ತಾ ಅವರ ಬೆನ್ನ ಹಿಂದಿನಿಂದ ಹೇಳಿಯೇಬಿಟ್ಟೆ. "ಅಜ್ಜಾರ, ಇನ್ನ ನನ್ನ ಕಡೆ ಆಗಂಗಿಲ್ರಿ. ಬರೂದು ಬಿಡ್ತೇನಿ." ಹೆಡ್‌ಫೋನ್ ಅವರ ಕೊರಳಿನಲ್ಲಿತ್ತು. ಆದರೂ ತಿರುಗಲಿಲ್ಲ. ಇರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಇಷ್ಟು ವರ್ಷ ದುಡಿದದ್ದಕ್ಕೆ ಒಂದು ಮಾತೂ ಇಲ್ಲವೇ ಎಂದು ಬಸ್ಸಿನಲ್ಲಿ ಇಡೀ ದಾರಿ ಗೊಣಗಿಕೊಂಡೆ.

ಮುಂದಿನ ವಾರ ಮತ್ತೊಮ್ಮೆ ಹೇಳಿ ಮುಗಿಸಬೇಕೆಂದೇ ಹೋದೆ. ಅಷ್ಟರಲ್ಲಿ ಒಂದಿಷ್ಟು ಪ್ರವಾಸಿಗರು ಬಂದರು. ಅಜ್ಜ ಹೆಡ್‌ಫೋನ್ ಏರಿಸಿ, ರಿಸೀವರ್ ಚಾಲೂ ಮಾಡಿದರು. ಹೆಡ್‌ಫೋನಿನ ವೈರಿನ ತುದಿ ರಿಸೀವರಿಗೆ ಸಿಕ್ಕಿಸದೆ ನೆಲದ ಮೇಲೆ ಬಿದ್ದಿತ್ತು. ಹೀಗಾಗಿ ಸದ್ದೆಲ್ಲ ಸ್ಪೀಕರಿನಿಂದ ಕಿರ್ರೆಂದು ಹೊರಟಿತು. ಎಲ್ಲರೂ ಕಿವಿ ಮುಚ್ಚಿಕೊಂಡರು. ಅಜ್ಜ ಮಾತ್ರ ಕಣ್ಣು ಕಿರಿದು ಮಾಡಿ, ಮೆತ್ತಗೆ ಗುಂಡಿ ತಿರುಗಿಸುತ್ತಲೇ ಇದ್ದರು.

ನಾನು ಹೆಗಲು ಮುಟ್ಟಿ, ನೆಲದ ವೈರು ತೋರಿಸಿದೆ. ಅವರು ಅದನ್ನು ಸಿಕ್ಕಿಸಿದರು. ಪ್ರವಾಸಿಗರು ಹೋಗುವವರೆಗೂ ನನ್ನ ಮುಖ ನೋಡಲಿಲ್ಲ.

ಎದುರಿಗೆ ಕೂತು ಕೇಳಿದೆ. "ಯಾವಾಗಿಂದ ಕಿವಿ ಕೇಳಂಗಿಲ್ರೀ?"

"ಎರಡ ಮಳಿಗಾಲ ಆತು ತಮ್ಮಾ. ಮನ್ಯಾಗ ಸೊಸಿ ಒಂದು ಕೇಳ್ತಾಳ, ನಾ ಒಂದು ಹೇಳ್ತೇನಿ. ಆಕಿಗೂ ಸಾಕಾಗೇತಿ. ಇಲ್ಲಿ ಇದು ಕಿವಿ ಮ್ಯಾಲಿದ್ರ ಯಾರೂ ಮಾತಾಡ್ಸಂಗಿಲ್ಲ. ಈ ಖೋಲಿ ಒಂದ ಉಳದೈತಿ ನನಗ."

ಅವರ ಶಿಸ್ತು ಎಂದು ನಾನು ಎರಡು ವರ್ಷ ಮೆಚ್ಚಿಕೊಂಡದ್ದು ಇದನ್ನು. ದುಃಖವಾಯಿತು. ನಾನು ಬರುವುದು ಬಿಟ್ಟರೆ ರಿಸೀವರುಗಳಿಗೆ ಬೂಸ್ಟು ಹಿಡಿದು, ಈ ಕೋಣೆಯೂ ಮುಚ್ಚುತ್ತಿತ್ತು.

ಅಜ್ಜ ನನ್ನ ಬಾಯನ್ನೇ ನೋಡುತ್ತಾ ಕೇಳಿದರು. "ಹ್ವಾದ ವಾರ ಹಿಂದ ನಿಂತು ಏನೋ ಅಂದಿ. ಗ್ವಾಡಿ ಮ್ಯಾಲ ನಿನ್ನ ನೆರಳು ಭಾಳ ಕೈ ಆಡ್ಸಾಕತ್ತಿತ್ತು."

"ಬಲ್ಬ್ ಸುಟ್ಟೈತಿ, ಹೊಸಾದು ತರ್ತೇನಿ ಅಂದ್ನಿರಿ."

"ಒಂದು ಬಲ್ಬಿಗೆ ಅಷ್ಟ ಕೈ ಆಡ್ಸಿದೇನು?" ಎಂದು ಹೆಡ್‌ಫೋನ್ ಏರಿಸಿಕೊಂಡರು.

ಮುಂದಿನ ಭಾನುವಾರ ಬಲ್ಬ್ ತೆಗೆದುಕೊಂಡು ಹೋದೆ.