ಕೊನೆಯ ಅಧ್ಯಾಯ ಅಚ್ಚಾದ ದಿನ

ಪರದೆ ಕಪ್ಪಾಯಿತು. ಮೇಜಿನ ಕೆಳಗಿದ್ದ ಡಬ್ಬ ಒಮ್ಮೆ ಬೀಪ್ ಎಂದಿತು, ಕಂಪ್ಯೂಟರ್ ತಾನಾಗಿಯೇ ಮತ್ತೆ ಮೊದಲಿನಿಂದ ಶುರುವಾಯಿತು. ಯಶೋಧಾ ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.

“ಹೋಯ್ತಾ?” ಹಿಂದಿನ ಬೆಂಚಿನಿಂದ ಜವರಪ್ಪ ಕೇಳಿದರು.

“ಹೋಯ್ತು ಮೇಷ್ಟ್ರೇ. ಬರುತ್ತೆ ಇರಿ.”

“ಬರೋದೇನೋ ಬರುತ್ತೆ ಕಣಮ್ಮ. ನಿಲ್ಲಲ್ವಲ್ಲ.”

ಅದು 2001ರ ನವೆಂಬರ್. ವಿದ್ಯಾರಣ್ಯಪುರಂನ ಮನೆಯೊಂದರ ಮುಂದಿನ ಕೋಣೆಯಲ್ಲಿ ಯಶೋಧಾ ಡಿಟಿಪಿ ಅಂಗಡಿ ಇಟ್ಟಿದ್ದರು. ಲಗ್ನಪತ್ರಿಕೆ, ಕರಪತ್ರ, ಸಂಘಗಳ ವರದಿ, ಆಗಾಗ ವಿಶ್ವವಿದ್ಯಾಲಯಕ್ಕೆ ಸಲ್ಲಿಸುವ ಪ್ರಬಂಧ. ಜವರಪ್ಪ ಕೆಸರೆಯಲ್ಲಿ ಪ್ರೌಢಶಾಲೆಯ ಮೇಷ್ಟ್ರು. ತಿ. ನರಸೀಪುರ ಸೀಮೆಯಲ್ಲಿ ನಾಲೆ, ತೂಬು, ಗದ್ದೆಗಳ ಬಗ್ಗೆ ಜನ ಬಳಸುವ ಮಾತುಗಳನ್ನು ಕುರಿತು ಪಿಎಚ್.ಡಿ. ಪ್ರಬಂಧ ಬರೆದಿದ್ದರು. ಶಾಲೆಯ ಕೆಲಸದ ನಡುವೆ ವರ್ಷಗಳು ಜಾರಿದ್ದವು. ಕೇಳಬಹುದಾದ ವಿನಾಯಿತಿಗಳೆಲ್ಲ ಮುಗಿದಿದ್ದವು. ಆ ದಿನ ಸಂಜೆ ಐದರೊಳಗೆ ಮಾನಸಗಂಗೋತ್ರಿಯ ವಿಶ್ವವಿದ್ಯಾಲಯ ಕಚೇರಿಗೆ ಪ್ರಬಂಧ ತಲುಪದಿದ್ದರೆ ನೋಂದಣಿ ರದ್ದು. ಹಾಳೆಗಳು ಎರಡು ಗಂಟೆಯೊಳಗೆ ಕೈಸೇರಿದರೆ ಮಾತ್ರ ಬೈಂಡ್ ಮಾಡಿಕೊಡುವುದಾಗಿ ಬೈಂಡಿನವರು ಹೇಳಿದ್ದರು. ಐದು ಅಧ್ಯಾಯಗಳು ಅಚ್ಚಾಗಿ ಬೆಂಚಿನ ಮೇಲೆ ಕೂತಿದ್ದವು. ಆರನೆಯದು ಇನ್ನೂ ಕಂಪ್ಯೂಟರಿನೊಳಗಿತ್ತು.

ಬೇರೆ ಅಂಗಡಿಗೆ ಒಯ್ಯುವಂತೆಯೂ ಇರಲಿಲ್ಲ. ಅಧ್ಯಾಯದ ತುಂಬ ನಾಲೆಗಳ ನಕ್ಷೆ. ಫ್ಲಾಪಿಯಲ್ಲಿ ಅದು ಹಿಡಿಸುತ್ತಿರಲಿಲ್ಲ. ಹಿಡಿಸಿದರೂ ಯಶೋಧಾ ಬಳಸುವ ಕನ್ನಡ ಫಾಂಟ್ ಅಲ್ಲಿ ಇರಬೇಕಲ್ಲ.

ತೊಂದರೆ ದಸರಾ ಮುಗಿದ ವಾರದಲ್ಲೇ ಶುರುವಾಗಿತ್ತು. ಮೊದಮೊದಲು ದಿನಕ್ಕೊಮ್ಮೆ. ಕಂಪ್ಯೂಟರ್ ಜೋಡಿಸಿ ಕೊಟ್ಟಿದ್ದ ನಾಗೇಂದ್ರ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದ. ಫೋನಿನಲ್ಲೇ ಕೇಳಿ, ವೋಲ್ಟೇಜ್ ಇರಬೇಕು ಎಂದಿದ್ದ. ಅಂದಿನಿಂದ ಮಹಡಿಮನೆಯ ಗಿರಿಜಾಂಬಾ ಅವರ ರುಬ್ಬುವ ಯಂತ್ರದ ಮೇಲೆ ಅನುಮಾನ ಬಿದ್ದಿತ್ತು. ಈಗ ಅವರೇ ಮೆಟ್ಟಿಲಿಳಿದು ಬಂದರು.

“ಯಶೋಧಾ, ನೆನ್ನೆಯಿಂದ ನಾನು ಗ್ರೈಂಡರ್ ಮುಟ್ಟಿಲ್ಲ. ನಮ್ಮನೇಲಿ ಎಲ್ರೂ ಉಪ್ಪಿಟ್ಟು ತಿಂತಾ ಇದೀವಿ. ಆದ್ರೂ ನಿಂತಿಲ್ವಾ?”

“ಇಲ್ಲ ಕಣಮ್ಮ.”

“ಹಂಗಾದ್ರೆ ನನ್ನ ಗ್ರೈಂಡರ್ ಮೇಲಿನ ಅಪವಾದ ಹೋಯ್ತು ಬಿಡು. ನಾಳೆ ದೋಸೆ.”

ಗಿರಿಜಾಂಬಾ ಜವರಪ್ಪನವರ ಮುಖ ನೋಡಿ ಮೇಲೆ ಹೋದರು.

ಯಶೋಧಾ ಹೆಬ್ಬಾಳಕ್ಕೆ ಫೋನ್ ಮಾಡಿದರು. ನಾಗೇಂದ್ರ ಲೈನಿಗೆ ಬರುವಷ್ಟರಲ್ಲಿ ಹನ್ನೆರಡು ದಾಟಿತ್ತು.

“ಅಕ್ಕಾ, ಶಿಫ್ಟ್ ಬಿಡೋವರ್ಗೂ ಬರಕ್ಕಾಗಲ್ಲ. ಸೈಡಿನ ಮುಚ್ಚಳ ತೆಗ್ದು ರ‍್ಯಾಮ್ ಪಟ್ಟಿ ಈಚೆಗೆ ತೆಗೀರಿ. ಅದರ ಹಲ್ಲನ್ನ ಪೆನ್ಸಿಲ್ ರಬ್ಬರಲ್ಲಿ ಉಜ್ಜಿ ವಾಪಸ್ ಹಾಕಿ. ಅದಕ್ಕೂ ಆಗ್ಲಿಲ್ಲ ಅಂದ್ರೆ ಸಂಜೆ ಬಂದು ಫಾರ್ಮ್ಯಾಟ್ ಮಾಡ್ಬುಡ್ತೀನಿ.”

“ಫಾರ್ಮ್ಯಾಟ್ ಎಲ್ಲ ಬೇಡ,” ಎಂದು ಯಶೋಧಾ ಫೋನ್ ಇಟ್ಟರು.

“ಫಾರ್ಮ್ಯಾಟ್ ಅಂದ್ರೆ?” ಜವರಪ್ಪ ಎದ್ದು ನಿಂತರು.

“ಒಳಗಿರೋದೆಲ್ಲ ಅಳಿಸೋದು. ನಾನು ಬಿಡಲ್ಲ, ಕೂತ್ಕೊಳ್ಳಿ.”

ಯಶೋಧಾ ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಪಟ್ಟಿಯನ್ನು ಉಜ್ಜಿ ಸಿಕ್ಕಿಸಿದರು. ಒಳಗೆ ಅಡ್ಡಡ್ಡ ಹಾದಿದ್ದ ಅಗಲದ ವೈರುಗಳನ್ನು ಮುಟ್ಟಲು ಹೋಗಲಿಲ್ಲ. ಮುಚ್ಚಳ ಹಾಕಿ ಸ್ಕ್ರೂ ಬಿಗಿದರು. ಕಂಪ್ಯೂಟರ್ ಎದ್ದಿತು. ಕೆಲವು ಪುಟಗಳು ಪ್ರಿಂಟರಿನಿಂದ ಒಂದರ ಹಿಂದೊಂದು ಹೊರಬಂದವು. ಜವರಪ್ಪ ಒಂದೊಂದನ್ನೂ ಎರಡು ಕೈಯಲ್ಲಿ ತೆಗೆದುಕೊಂಡರು. ಆಮೇಲೆ ಪರದೆ ಕಪ್ಪಾಯಿತು. ಮತ್ತೆ ಹಚ್ಚಿದಾಗ ಒಂದೇ ಪುಟ. ಮೂರನೆಯ ಸಲ ಪುಟ ತೆರೆಯುವ ಮೊದಲೇ ಹೋಯಿತು.

ಜವರಪ್ಪ ಹಾಳೆಗಳನ್ನು ತೊಡೆಯ ಮೇಲೆ ತಟ್ಟಿ ಸರಿಮಾಡುತ್ತಲೇ ಇದ್ದರು. “ನಮ್ಮ ಗೈಡು ನಿವೃತ್ತರಾಗಿ ವರ್ಷ ಆಯ್ತು ಯಶೋಧಮ್ಮ. ಇನ್ನೊಂದ್ಸಲ ಶುರು ಮಾಡಕ್ಕೆ ನನಗೂ ವಯಸ್ಸಿಲ್ಲ,” ಎಂದರು.

ಯಶೋಧಾ ಮತ್ತೆ ಫೋನ್ ಎತ್ತಿದರು. “ಸುಮ್ನೆ ಬಿಟ್ಟು ಹಚ್ಚಿದ್ರೆ ಸುಮಾರು ಹೊತ್ತು ನಡೆಯುತ್ತೆ ನಾಗೇಂದ್ರ. ತಕ್ಷಣ ಹಚ್ಚಿದ್ರೆ ತಕ್ಷಣ ಹೋಗುತ್ತೆ.”

ಆಚೆ ಕಡೆ ಯಂತ್ರಗಳ ಸದ್ದು. “ಅಕ್ಕಾ, ಇದನ್ನ ಮೊದ್ಲೇ ಹೇಳಬಾರ್ದಾ? ಬಿಸಿ ಆಗ್ತಾ ಇದೆ. ಒಳಗೆ ಒಂದು ಚಿಕ್ಕ ಫ್ಯಾನ್ ಇದೆಯಲ್ಲ, ಅದು ತಿರುಗ್ತಾ ಇದೆಯಾ ನೋಡಿ. ಮುಚ್ಚಳ ತೆಗ್ದೇ ಹಚ್ಚಿ. ಕೈ ಮಾತ್ರ ಹಾಕ್ಬೇಡಿ.”

ಯಶೋಧಾ ಮುಚ್ಚಳ ತೆಗೆದು ಹಚ್ಚಿ, ಮಂಡಿಯೂರಿ, ಮರದ ಸ್ಕೇಲಿನಿಂದ ವೈರುಗಳನ್ನು ಪಕ್ಕಕ್ಕೆ ಸರಿಸಿ ಟಾರ್ಚ್ ಬಿಟ್ಟರು. ಫ್ಯಾನ್ ನಿಂತಿತ್ತು. ಅದರ ನಡುವಿನ ಗುಬುಟಿಗೆ ಕಂದು ಬಣ್ಣದ್ದೇನೋ ಬಿಗಿಯಾಗಿ ಸುತ್ತಿಕೊಂಡಿತ್ತು. ಅದೇನೆಂದು ತಿಳಿಯಲು ಅವರಿಗೆ ಹೊತ್ತು ಹಿಡಿಯಲಿಲ್ಲ. ಹೂವು ಕಟ್ಟುವ ಬಾಳೆನಾರು.

ಅದನ್ನು ಅಲ್ಲಿಗೆ ಹಾಕಿದವರು ಅವರೇ. ಡಿಟಿಪಿ ಕಲಿಯುವ ಮೊದಲು ಅವರು ಚಾಮುಂಡಿಪುರಂನ ಅಚ್ಚುಕೂಟದಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದರು. ಆಯುಧಪೂಜೆಯ ದಿನ ಅಲ್ಲಿನ ಮಾಲೀಕರು ಹೂವನ್ನು ಯಂತ್ರದ ಮೇಲೆ ಹಾಕಿ ಸುಮ್ಮನಾಗುತ್ತಿರಲಿಲ್ಲ. ದುಡಿಯುವುದು ಒಳಗಿರುವುದು ಎಂದು ಹಲ್ಲುಚಕ್ರದ ಪಕ್ಕದಲ್ಲೇ ಇಡುತ್ತಿದ್ದರು. ಮರುದಿನ ಎಲ್ಲವನ್ನೂ ತೆಗೆದು, ಎಣ್ಣೆ ಬಿಟ್ಟು, ಆಮೇಲೆ ಯಂತ್ರ ಓಡಿಸುತ್ತಿದ್ದರು. ಈ ಸಲ ಯಶೋಧಾ ಹಾಗೆಯೇ ಕಂಪ್ಯೂಟರಿನ ಮುಚ್ಚಳ ತೆಗೆದು ಒಳಗೆ ಒಂದು ಮೊಳ ಮಲ್ಲಿಗೆ ಇಟ್ಟಿದ್ದರು. ಮರುದಿನ ಒಣಗಿದ ಹೂಗಳನ್ನು ತೆಗೆದಿದ್ದರು. ತುಂಡಾಗಿ ವೈರುಗಳ ಹಿಂದೆ ಉಳಿದ ನಾರು ಕಣ್ಣಿಗೆ ಬಿದ್ದಿರಲಿಲ್ಲ.

“ಏನು ಸಿಕ್ತಮ್ಮ?”

“ಪ್ರಸಾದ,” ಎಂದರು ಯಶೋಧಾ. “ನಾನೇ ಇಟ್ಟಿದ್ದು ಮೇಷ್ಟ್ರೇ. ಬೈಯೋದನ್ನ ಎರಡು ಗಂಟೆ ಆದ್ಮೇಲೆ ಇಟ್ಕೊಳ್ಳಿ.”

ಮೊಳೆ ಎತ್ತಲು ಬಳಸುತ್ತಿದ್ದ ಚಿಮಟ ಇನ್ನೂ ಮೇಜಿನ ಖಾನೆಯಲ್ಲಿತ್ತು. ಪ್ಲಗ್ ಕಿತ್ತು, ಉಸಿರು ಬಿಗಿಹಿಡಿದು, ಅವರು ನಾರನ್ನು ಎಳೆಎಳೆಯಾಗಿ ಬಿಡಿಸಿದರು. ಹಚ್ಚಿದಾಗ ಫ್ಯಾನ್ ತಿರುಗಿತು, ಕಟಕಟ ಎಂದಿತು, ನಿಧಾನವಾಯಿತು. ವಾರಗಟ್ಟಲೆ ಎಳೆದಾಡಿ ಅದು ಸೋತಿತ್ತು.

“ಒಳಕೋಣೇಲಿ ಟೇಬಲ್ ಫ್ಯಾನ್ ಇದೆ, ತನ್ನಿ,” ಎಂದರು ಯಶೋಧಾ. ಅದನ್ನು ತೆರೆದ ಡಬ್ಬದ ಮುಂದೆ ಜೋರಾಗಿ ಬಿಟ್ಟರು. ಬೆಂಚಿನ ಮೇಲಿದ್ದ ಐದು ಅಧ್ಯಾಯಗಳು ಹಾರಲು ನೋಡಿದವು. ಜವರಪ್ಪ ಅವುಗಳ ಮೇಲೆ ತಮ್ಮ ಊಟದ ಡಬ್ಬಿ ಇಟ್ಟು, ನೆಲದ ಮೇಲೆ ಕೂತು ಚಿಕ್ಕ ಫ್ಯಾನನ್ನೇ ನೋಡತೊಡಗಿದರು.

“ಅದು ನಿಂತ್ರೆ ಕೂಗಿ. ನಾನು ಕೆಲಸ ನಿಲ್ಲಿಸ್ತೀನಿ.”

“ತಿರುಗ್ತಾ ಇದೆ.”

ಒಂದು ಪುಟ ಬಂತು. ಯಶೋಧಾ ಇನ್ನೊಂದಕ್ಕೆ ಆಜ್ಞೆ ಕೊಟ್ಟರು.

“ತಿರುಗ್ತಾ ಇದೆ... ನಿಧಾನ ಆಯ್ತು... ನಿಂತೇಹೋಯ್ತು ಕಣಮ್ಮ!”

ಎಲ್ಲ ಆರಿಸಿದರು. ತಣ್ಣಗಾಗಲು ಕಾದರು. ಗೋಡೆಯ ಗಡಿಯಾರವನ್ನು ಇಬ್ಬರೂ ನೋಡಲಿಲ್ಲ. ಮತ್ತೆ ಹಚ್ಚಿದಾಗ ಟೇಬಲ್ ಫ್ಯಾನನ್ನು ಇನ್ನಷ್ಟು ಹತ್ತಿರ ತಂದರು. ನಕ್ಷೆಯ ಪುಟಗಳು ಅರ್ಧ ಬಂದು ಪ್ರಿಂಟರ್ ಯೋಚಿಸಿದಂತೆ ನಿಲ್ಲುವುದು, ಆಮೇಲೆ ಉಳಿದರ್ಧ ಬರುವುದು. ಕೊನೆಗೆ ಗ್ರಂಥಸೂಚಿ ಬಂತು. ಕೊನೆಯ ಹಾಳೆ ಬಿಸಿಯಿರುವಾಗಲೇ ಜವರಪ್ಪ ಅದನ್ನು ಎಳೆದುಕೊಂಡು, ಆರೂ ಅಧ್ಯಾಯಗಳನ್ನು ಬಗಲಿಗೇರಿಸಿ, ಚಪ್ಪಲಿ ಮೆಟ್ಟಿ, ಬೈಂಡಿನವರಲ್ಲಿಗೆ ಲೂನಾ ಏರಿದರು. ಊಟದ ಡಬ್ಬಿ ಬೆಂಚಿನ ಮೇಲೇ ಉಳಿಯಿತು.

ಐದಕ್ಕೆ ಇನ್ನೇನು ಕೆಲವು ನಿಮಿಷ ಇರುವಾಗ ಅಂಗಡಿಯ ಫೋನ್ ಬಡಿದುಕೊಂಡಿತು. ಯಶೋಧಾ ಎತ್ತಿದರು.

“ಸೀಲ್ ಹಾಕಿದ್ರು ಯಶೋಧಮ್ಮ. ತಗೊಂಡ್ರು. ಈಗ ಬೈಬಹುದಾ?”

“ನಾಳೆ ಬನ್ನಿ ಮೇಷ್ಟ್ರೇ. ಡಬ್ಬಿ ತೊಳೆದಿಟ್ಟಿರ್ತೀನಿ.”

ಮರುದಿನ ಬೆಳಗ್ಗೆ ಶಿಫ್ಟಿಗೆ ಹೋಗುವ ಮೊದಲು ನಾಗೇಂದ್ರ ಹೊಸ ಫ್ಯಾನ್ ತಂದು ಹಾಕಿದ.