ಗೋವಿನಕೋವಿಯಲ್ಲಿ ಅತ್ತ ಇಂಗ್ಲಿಷ್ ದನಿ

ಸಾವಿನ ಮನೆಗೆ ಹೋದಾಗ ನನ್ನ ಕಣ್ಣು ಮೊದಲು ಹುಡುಕುವುದು ಸ್ಪೀಕರನ್ನು. ಒಳ್ಳೆಯ ಅಭ್ಯಾಸವಲ್ಲವೆಂದು ಗೊತ್ತು. ಕೈಯಲ್ಲಿ ಹಾರ ಹಿಡಿದುಕೊಂಡೇ, ಸ್ಪೀಕರ್ ಎಲ್ಲಿ ಕಟ್ಟಿದ್ದಾರೆ, ಈಗಿನ ಹಾಡು ಮುಗಿದ ಮೇಲೆ ಏನು ಬರಬಹುದು ಎಂದು ಯೋಚಿಸುತ್ತಿರುತ್ತೇನೆ. ನಾನು ದುಃಖದಿಂದ ಆಕಾಶ ನೋಡುತ್ತಿದ್ದೇನೆಂದು ಪಕ್ಕದವರು ತಿಳಿಯುತ್ತಾರೆ. ತಿಳಿಯಲಿ.

ಇದಕ್ಕೆ ಕಾರಣ ಗೋವಿನಕೋವಿಯ ದೊಡ್ಡಪ್ಪ ತೀರಿಕೊಂಡ ದಿನ ನಡೆದದ್ದು. ಅಥವಾ, ನಡೆಯಿತೆಂದು ನಾನು ನಂಬಿಕೊಂಡಿರುವುದು.

ಆಗ ನಾನು ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದುತ್ತಿದ್ದೆ. ಎಲ್ಲವನ್ನೂ ಅನುಮಾನಿಸಬೇಕು ಎಂಬ ಒಂದು ಮಾತನ್ನು ಮಾತ್ರ ಅನುಮಾನಿಸದೆ ಕಲಿತವನು. ಹಾಸ್ಟೆಲಿನ ಗೆಳೆಯನೊಬ್ಬನ ಹತ್ತಿರ ಇಂಗ್ಲೆಂಡಿನ ಒಂದು ಬ್ಯಾಂಡಿನ ಕ್ಯಾಸೆಟ್ಟಿತ್ತು. ಬ್ಯಾಂಡಿನ ಹೆಸರು ಹೇಳುವುದಿಲ್ಲ. ಹೇಳಿದರೆ ಗೊತ್ತಿರುವವರು ನನ್ನ ತಪ್ಪು ಹುಡುಕುತ್ತಾರೆ, ಗೊತ್ತಿಲ್ಲದವರು ಓದುವುದು ಬಿಟ್ಟು ಮೊಬೈಲಿನಲ್ಲಿ ಹಾಡು ಹುಡುಕುತ್ತಾರೆ. ಆ ದೇಶದ ಪಶ್ಚಿಮಕ್ಕಿರುವ ಒಂದು ಬಂದರಿನ ಕಡೆಯ ಮೂವರು ಅವರು. ಅವರ ಸಂಗೀತಕ್ಕೆ ಪತ್ರಿಕೆಯವರು ‘ಟ್ರಿಪ್ ಹಾಪ್’ ಎಂಬ ಚೀಟಿ ಅಂಟಿಸಿದ್ದರು. ಡ್ರಮ್ಮು ಎಲ್ಲಿಗೂ ಹೋಗಬೇಕಾಗಿಲ್ಲದವನ ಹೆಜ್ಜೆಯಷ್ಟು ನಿಧಾನ. ಅದರ ಕೆಳಗೆ ಎದೆಗೂಡಿಗೆ ತಾಕುವ ಮಂದ್ರ. ಹಳೆಯ ಗ್ರಾಮಫೋನ್ ಪ್ಲೇಟಿನ ಮೇಲೆ ಮುಳ್ಳು ಓಡುವ ಕರಕರ. ಇವೆಲ್ಲದರ ಮೇಲೆ ಒಬ್ಬ ಹೆಂಗಸಿನ ದನಿ. ಹಾಡುತ್ತಿದ್ದಾಳೋ, ಕದದ ಹಿಂದೆ ನಿಂತು ತನಗೆ ತಾನೇ ಹೇಳಿಕೊಳ್ಳುತ್ತಿದ್ದಾಳೋ ತಿಳಿಯದು.

ನ್ಯಾಮತಿಯಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟಿದ್ದ ಗೆಳೆಯ ರುದ್ರೇಶ ಒಂದು ವಚನದ ಕ್ಯಾಸೆಟ್ ಕೊಟ್ಟು, ಇದರ ಇನ್ನೊಂದು ಮಗ್ಗುಲು ಖಾಲಿಯಿದೆ, ಬೇಕಾದ್ದು ತುಂಬಿಸಿಕೋ ಎಂದಿದ್ದ. ಹಾಗೆ ಒಂದು ಮಗ್ಗುಲಲ್ಲಿ ವಚನ, ಇನ್ನೊಂದರಲ್ಲಿ ಆ ಹೆಂಗಸು ಒಟ್ಟಿಗೆ ಸಂಸಾರ ಹೂಡಿದರು. ಅವನಿಗೂ ರುಚಿ ಹತ್ತಲೆಂದು ಆ ಕ್ಯಾಸೆಟ್ಟನ್ನು ಅವನಿಗೇ ಹಿಂದಿರುಗಿಸಿದ್ದೆ.

ದೊಡ್ಡಪ್ಪ ಹೋದಾಗ ಮೈಕ್‌ಸೆಟ್ ತಂದವನು ರುದ್ರೇಶನೇ. ದೊಡ್ಡಪ್ಪನಿಗೆ ವಿಭೂತಿ ಹಚ್ಚಿ ಪಡಸಾಲೆಯಲ್ಲಿ ಕೂರಿಸಿದ್ದರು. ದೊಡ್ಡಮ್ಮನ ತವರಿನವರು ಜಗಳೂರು ಕಡೆಯ ಬಿಳಿಚೋಡಿನಿಂದ ಬರಬೇಕಿತ್ತು. ಅವರು ಬರುವವರೆಗೆ ಹೆಣ ಎತ್ತುವಂತಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಭಜನೆಯವರೂ ಸುಸ್ತಾಗಿ ನೀರು ಕುಡಿಯಲು ಎದ್ದಿದ್ದರು. ಕಂಬಕ್ಕೆ ಕಟ್ಟಿದ್ದ ಹಾರ್ನ್ ಸ್ಪೀಕರಿನಲ್ಲಿ ವಚನ ಬರುತ್ತಿತ್ತು. ವಚನ ಮುಗಿಯಿತು. ರುದ್ರೇಶನ ಡೆಕ್ಕು ಒಂದು ಮಗ್ಗುಲು ಮುಗಿದರೆ ತಾನೇ ಇನ್ನೊಂದಕ್ಕೆ ತಿರುಗುವಂಥದು. ಅದು ಅವನ ಹೆಮ್ಮೆ. ಟಕ್ ಎಂದಿತು. ಆಮೇಲೆ ಆ ನಿಧಾನದ ಡ್ರಮ್ಮು.

ಯಾರಾದರೂ ಎದ್ದು ಬೈಯುತ್ತಾರೆಂದು ಕಾದೆ. ಯಾರೂ ಏಳಲಿಲ್ಲ. ಹಿರಿಯರು ಇದು ಹುಡುಗರ ಏರ್ಪಾಡೆಂದುಕೊಂಡರು, ಹುಡುಗರು ಮಠದ ಪದ್ಧತಿಯೆಂದುಕೊಂಡರು. ಆ ಹೆಂಗಸು ಹಾಡುತ್ತಿದ್ದಂತೆಯೇ ಬಿಳಿಚೋಡಿನವರು ಬಂದಿಳಿದರು, ಹೆಂಗಸರು ದೊಡ್ಡಮ್ಮನನ್ನು ತಬ್ಬಿ ಅತ್ತರು. ಕರಕರ, ಡ್ರಮ್ಮು, ಅಳು ಎಲ್ಲವೂ ಒಂದೇ ಲಯಕ್ಕೆ ಬಂದವು. ಕೊನೆಗೆ ಬಿಳಿಚೋಡಿನ ಮುದುಕರೊಬ್ಬರು, ಆ ಹೆಣ್ಣುಮಗಳು ಯಾವ ಊರಿನವಳು, ಚೆನ್ನಾಗಿ ಅಳುತ್ತಾಳೆ ಎಂದು ನನ್ನನ್ನೇ ವಿಚಾರಿಸಿದರು.

ಈ ಕಥೆಯನ್ನು ಎಷ್ಟು ಕಡೆ ಹೇಳಿದ್ದೇನೋ. ಚನ್ನಗಿರಿಯ ಕಾಲೇಜಿನಲ್ಲಿ ಪಾಠಕ್ಕೆ ಸೇರಿದ ಮೇಲಂತೂ ಚಹಾದ ಹೊತ್ತಿನಲ್ಲಿ ಇದೇ ನನ್ನ ಬಂಡವಾಳ. ಹೇಳಿದಷ್ಟೂ ಮೆರುಗು ಬಂತು. ಬಿಳಿಚೋಡಿನ ಮುದುಕರು ನಾಲ್ಕನೆಯ ಸಲವೋ ಐದನೆಯ ಸಲವೋ ಹೇಳುವಾಗ ಬಂದು ಸೇರಿಕೊಂಡರೆಂದು ನನಗೇ ಗುಮಾನಿಯಿದೆ.

ಆ ಬ್ಯಾಂಡಿನವರು ಮಾಡುತ್ತಿದ್ದುದೂ ಇದನ್ನೇ. ತಾವೇ ನುಡಿಸಿದ್ದನ್ನು ಪ್ಲೇಟಿಗೆ ಹಾಕಿಸಿ, ಪ್ಲೇಟನ್ನು ನೆಲಕ್ಕೆ ಹಾಕಿ ಉಜ್ಜಿ ಸವೆಸಿ, ಆ ಸವೆದ ಸದ್ದನ್ನೇ ತಮ್ಮ ಹಾಡಿನೊಳಕ್ಕೆ ತಂದುಕೊಳ್ಳುತ್ತಿದ್ದರಂತೆ. ನಿನ್ನೆ ನುಡಿಸಿದ್ದು ಯಾರದೋ ಅಜ್ಜನ ಕಾಲದ್ದೆಂಬಂತೆ ಕೇಳಿಸಬೇಕು. ಹೀಗೆಂದು ಎಲ್ಲಿಯೋ ಓದಿದ್ದೇನೆ. ಅವರ ಮೊದಲ ಆಲ್ಬಮ್ಮು ಎಷ್ಟು ಮೆಚ್ಚುಗೆಯಾಯಿತೆಂದರೆ ಉಳ್ಳವರು ಊಟಕ್ಕೆ ನೆಂಟರನ್ನು ಕರೆದಾಗ ಹಿಂದೆ ಮೆಲ್ಲಗೆ ಹಾಕತೊಡಗಿದರು. ತಮ್ಮ ಸಂಕಟವನ್ನು ಪಲ್ಯದ ಜೊತೆ ಬಡಿಸಿದ್ದು ಬ್ಯಾಂಡಿನವರಿಗೆ ಹಿಡಿಸಲಿಲ್ಲವೆಂದು ಕಾಣುತ್ತದೆ. ಎರಡನೆಯದನ್ನು ಇನ್ನಷ್ಟು ಕಪ್ಪಾಗಿಸಿದರು. ಆಮೇಲೆ ವರ್ಷಗಟ್ಟಲೆ ಮೌನ. ಮೂರನೆಯದು ಬಂದಾಗ ಹಳೆಯ ಕರಕರವಿರಲಿಲ್ಲ. ಯಂತ್ರಗಳ ಒರಟು ಬಡಿತ. ಜನ ಬಯಸಿದ್ದನ್ನೇ ಮತ್ತೆ ಕೊಡುವ ಸುಲಭದ ದಾರಿ ಬಿಟ್ಟರು. ಮತ್ತೆ ಮೌನ. ಒಂದೇ ಕಥೆಯನ್ನು ಇಷ್ಟು ವರ್ಷ ಮಾರಿಕೊಂಡು ಬಂದ ನನಗೆ ಆ ಮೌನದ ಮೇಲೆ ಭಕ್ತಿಯಿದೆ.

ಹೋದ ವರ್ಷ ದೊಡ್ಡಮ್ಮ ಎದೆನೋವೆಂದು ಹೊನ್ನಾಳಿಯ ಆಸ್ಪತ್ರೆ ಸೇರಿ ಮನೆಗೆ ಮರಳಿದರು. ನೋಡಲು ಹೋದಾಗ ಸೊಸೆ ಒಳಗೆ ಹೋಗುವುದನ್ನೇ ಕಾದು ನನ್ನನ್ನು ಹತ್ತಿರ ಕರೆದರು.

“ನಿಮ್ಮ ದೊಡ್ಡಪ್ಪಂಗೆ ಹಾಕಿದ್ರಲ್ಲ, ಆ ಹೆಣ್ಮಗಳ ಹಾಡು. ನನಗೂ ಅದನ್ನೇ ಹಾಕಿಸಪ್ಪಾ. ಬ್ಯಾರೆ ಏನೂ ಬ್ಯಾಡ.”

ನಾನು ಗೆದ್ದಂತೆ ನ್ಯಾಮತಿಗೆ ಹೋದೆ. ರುದ್ರೇಶ ಈಗ ಮದುವೆಗಳಿಗೆ ಡಿಜೆ ಒದಗಿಸುವ ಸಾಹುಕಾರ. ಎಲ್ಲ ಕೇಳಿ ತಲೆಯಾಡಿಸಿದ.

“ಅವತ್ತು ಹಾಕಿದ್ದು ಬ್ಯಾರೆ ಗಾಯಕಿ ವಚನದ ಕ್ಯಾಸೆಟ್ಟು ಕಣೋ. ನಿಂದು ಮಗ್ಗುಲು ತಿರುಗೋ ಮುಂಚೇನೇ ನನ್ನ ಕೈಯಾರೆ ಬದಲಾಯಿಸೀನಿ. ನಿನ್ನ ಇಂಗ್ಲಿಷ್ ಹಾಡು ಹೆಣದ ಮುಂದೆ ಬಂದಿದ್ರೆ ನಮ್ಮಿಬ್ರನ್ನೂ ಅಲ್ಲೇ ಹೂಳ್ತಿದ್ರು.”

ಕ್ಯಾಸೆಟ್ಟು ಎಂದೋ ಕಳೆದುಹೋಗಿತ್ತು. ಅವನ ಮಾತಿನಲ್ಲಿ ತರ್ಕವಿತ್ತು, ನನ್ನದರಲ್ಲಿ ಮೆರುಗು ಮಾತ್ರ. ಚನ್ನಗಿರಿಗೆ ವಾಪಸು ಬರುವ ಬಸ್ಸಿನಲ್ಲಿ ಮೊದಲ ಬಾರಿಗೆ ನನಗೆ ನಿಜವಾಗಿ ಹೆದರಿಕೆಯಾಯಿತು. ಚಹಾದ ಹೊತ್ತಿನ ಕಥೆ ಸುಳ್ಳಾದರೆ ಯಾರಿಗೂ ನಷ್ಟವಿಲ್ಲ. ಆದರೆ ಒಬ್ಬ ಮುದುಕಿ ತನ್ನ ಕೊನೆಯ ದಿನಕ್ಕೆ ಕೇಳಿದ್ದು ಒಂದೇ ಹಾಡು. ಅದು ವಚನವಾಗಿದ್ದು, ನನ್ನ ಜಂಬದಿಂದ ಯಾವಳೋ ಪರದೇಶದವಳು ಆ ಹಾರ್ನಿನಲ್ಲಿ ಬಂದರೆ, ಬೇಡವೆನ್ನಲು ದೊಡ್ಡಮ್ಮ ಏಳುವುದಿಲ್ಲ.

ಕೇಳಿಸಿ ನೋಡುವುದೊಂದೇ ದಾರಿ. ಬದುಕಿರುವವರಿಗೆ ಅವರ ಸಾವಿನ ಹಾಡು ಕೇಳಿಸುವುದು ಹೇಗೆಂದು ನಾಚುತ್ತಲೇ ಮತ್ತೆ ಗೋವಿನಕೋವಿಗೆ ಹೋಗಿ ಆ ಇಂಗ್ಲಿಷ್ ಹಾಡನ್ನು ಮೊಬೈಲಿನಲ್ಲಿ ಹಾಕಿದೆ. ದೊಡ್ಡಮ್ಮ ಸ್ವಲ್ಪ ಹೊತ್ತು ಕೇಳಿ, ಇದಲ್ಲ, ಇದರ ದನಿ ಭಾಳ ಸಣ್ಣದು ಎಂದರು. ರುದ್ರೇಶನಿಗೆ ಫೋನು ಮಾಡಿ ಸೋಲೊಪ್ಪಿಕೊಂಡೆ. ಅವನಿಗೆ ಏನನ್ನಿಸಿತೋ, ಮರುದಿನ ಹಳೆಯ ಆಂಪ್ಲಿಫೈಯರನ್ನೂ ಹಾರ್ನನ್ನೂ ಬೈಕಿಗೆ ಕಟ್ಟಿಕೊಂಡು ಗೋವಿನಕೋವಿಗೇ ಬಂದ. ಮುಂದೆ ನೀನು ಇದನ್ನೇ ಹೇಳಿ ಗೋಳಾಡುತ್ತಿರಬಾರದು ನೋಡು ಎಂದ. ಅದೇ ಪಡಸಾಲೆಯ ಕಂಬಕ್ಕೆ ಹಾರ್ನು ಕಟ್ಟಿ, ಮೊಬೈಲಿಗೆ ತಂತಿ ಜೋಡಿಸಿ ಅದೇ ಹಾಡು ಹಾಕಿದೆವು. ತುಕ್ಕು ಹಿಡಿದ ಹಾರ್ನು ಇದ್ದ ಕರಕರಕ್ಕೆ ತನ್ನದನ್ನೂ ಸೇರಿಸಿತು.

ದೊಡ್ಡಮ್ಮ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಇದೇ ಹೌದಾ ಎಂದು ರುದ್ರೇಶ ಕೇಳಿದ, ನ್ಯಾಯಾಲಯದಲ್ಲಿ ಕೇಳುವಂತೆ.

“ನಂಗೇನು ಗೊತ್ತಪ್ಪಾ. ಅವತ್ತು ನಾನು ಹಾಡು ಕೇಳಾಕೆ ಕುಂತಿದ್ನಾ? ಯಾರೋ ಒಬ್ಬಾಕಿ ನನ್ನ ಜೊತೆಗೆ ಅಳ್ತಿದ್ಲು, ಅಷ್ಟೇ ಗೊತ್ತು. ಈಕಿಗೂ ಅಳಾಕೆ ಬರ್ತೈತೆ. ಇದ್ನೇ ಹಾಕ್ರಿ.” ಆಮೇಲೆ ಸೇರಿಸಿದರು: “ಮೊದ್ಲು ವಚನ ಆಗ್ಲಿ. ಅವತ್ತು ಮಧ್ಯದಾಗೆ ಒಂದು ಸಲ ಟಕ್ ಅಂತು ನೋಡು, ಅದನ್ನ ತೆಗೀಬ್ಯಾಡ್ರಿ. ಅದು ಕೇಳಿದ ಮ್ಯಾಲೇ ನಂಗೆ ಅಳು ಬಂದಿದ್ದು.”

ರುದ್ರೇಶ ಸುತ್ತಿ ಮುಗಿಸಿದ್ದ ಹಾರ್ನಿನ ತಂತಿಯನ್ನು ಬಿಚ್ಚಿ ಮತ್ತೆ ಸುತ್ತತೊಡಗಿದ. ಆ ಟಕ್ಕಿನ ವಿಷಯವನ್ನು ನಾನು ದೊಡ್ಡಮ್ಮನಿಗೆ ಹೇಳಿರಲಿಲ್ಲ. ಹೇಳಿರಲಿಲ್ಲವೆಂದೇ ನನ್ನ ನೆನಪು. ಕೇಳಿ ಖಾತ್ರಿ ಮಾಡಿಕೊಳ್ಳೋಣವೆಂದು ಬಾಯಿ ತೆರೆದವನು, ಚಹಾ ಆಗಿದೆಯೇ ಎಂದು ಕೇಳಿದೆ.

ರುದ್ರೇಶ ಅಟ್ಟದಿಂದ ಹಳೆಯ ಡೆಕ್ಕು ಇಳಿಸಿ, ಅದರ ಟಕ್ಕನ್ನು ಹಿಡಿದು, ವಚನಕ್ಕೂ ಹಾಡಿಗೂ ನಡುವೆ ಕೂರಿಸಿ ಕಳಿಸಿದ್ದಾನೆ. ಅದೀಗ ನನ್ನ ಮೊಬೈಲಿನಲ್ಲಿದೆ. ಪೂರ್ತಿ ಕೇಳಿ ಸರಿಯಿದೆಯಾ ಹೇಳು ಎಂದು ಆಗಾಗ ಪೀಡಿಸುತ್ತಾನೆ. ವಚನ ಕೇಳುತ್ತೇನೆ, ಟಕ್ ಎನ್ನುವವರೆಗೆ ಕೇಳುತ್ತೇನೆ, ಅಲ್ಲಿಗೆ ನಿಲ್ಲಿಸಿಬಿಡುತ್ತೇನೆ. ಅದರ ಮುಂದಿನದು ದೊಡ್ಡಮ್ಮನದು.