ನಮ್ಮ ಮನೆಯ ಕಂಪ್ಯೂಟರ್ ಕೋಡಿ ಬಿದ್ದದ್ದು

ನಮ್ಮ ಮನೆಯ ಕಂಪ್ಯೂಟರ್ ತುಂಬಿಹೋಗಿತ್ತು. ದೂರು ಹೇಳುತ್ತಿದ್ದೇನೆಂದು ತಿಳಿಯಬೇಡಿ, ಸಂತೋಷದ ಸುದ್ದಿಯೆಂದೇ ಹೇಳುತ್ತಿದ್ದೇನೆ. ಪರದೆಯಲ್ಲಿ ಡ್ರೈವ್‌ನ ಹೆಸರಿನ ಕೆಳಗೆ ಒಂದು ಪಟ್ಟಿ ಇರುತ್ತದಲ್ಲ, ಮೊದಲು ನೀಲಿಯಾಗಿದ್ದದ್ದು ಈ ತುದಿಯಿಂದ ಆ ತುದಿಯವರೆಗೆ ಕೆಂಪಾಗಿತ್ತು. ಜಾಗ ಸಾಲದು, ಖಾಲಿ ಮಾಡಿ ಎಂದು ದಿನಾ ಬೆಳಿಗ್ಗೆ ನನಗೆ ಅಪ್ಪಣೆಯಾಗುತ್ತಿತ್ತು. ಬಾಡಿಗೆ ಮನೆಗಳಲ್ಲಿ ಅರ್ಧ ಆಯುಷ್ಯ ಕಳೆದ ಹೈಸ್ಕೂಲ್ ಮೇಷ್ಟರಿಗೆ ಈ ಮಾತೇನೂ ಹೊಸದಲ್ಲ. ಆದರೆ ಆ ಮಾಲೀಕರಿಗಾದರೂ ಮನೆ ಅವರದಾಗಿತ್ತು. ಈ ಕಂಪ್ಯೂಟರ್ ನನ್ನದು, ಮೇಜು ನನ್ನದು, ಕರೆಂಟಿನ ಬಿಲ್ಲು ಕಟ್ಟುವವನೂ ನಾನೇ. ಖಾಲಿ ಮಾಡು ಅನ್ನಲು ಇದ್ಯಾವ ದೊಡ್ಡ ಮನುಷ್ಯ?

ಅದನ್ನು ತಯಾರು ಮಾಡಿದವರಿಗೆ ಹಿರಿಯೂರು ಗೊತ್ತಿಲ್ಲ, ತೊಂದರೆಯಾಗಿರುವುದು ಅಲ್ಲಿಯೇ. ನಮ್ಮ ಸೀಮೆಯಲ್ಲಿ ಖಾಲಿ ಎನ್ನುವುದು ಬೇಕಾದಷ್ಟಿದೆ. ಕೆರೆ ಖಾಲಿ, ಹಳ್ಳ ಖಾಲಿ, ಎಷ್ಟೋ ವರ್ಷ ಹೊಳೆಯೂ ಖಾಲಿ. ಅಪರೂಪಕ್ಕೆ ಏನಾದರೂ ತುಂಬಿತೋ, ಊರಿಗೆ ಊರೇ ಹೊಸ ಬಟ್ಟೆ ಹಾಕಿಕೊಂಡು ಹೋಗಿ, ಮೊರದಲ್ಲಿ ಅರಿಶಿನ ಕುಂಕುಮ ಬಳೆ ಇಟ್ಟು ಬಾಗಿನ ಬಿಡುತ್ತೇವೆ. ತುಂಬಿದ್ದನ್ನು ಕೆಂಪು ಬಣ್ಣ ಬಳಿದು ಬೆದರಿಸುವುದು ನಮ್ಮಲ್ಲಿಲ್ಲ. ನನ್ನ ಕಂಪ್ಯೂಟರ್ ಕೋಡಿ ಬಿದ್ದ ದಿನ ನನಗೆ ನಿಜಕ್ಕೂ ಅದರ ಮುಂದೆ ಒಂದು ಮೊರ ಇಡೋಣ ಅನ್ನಿಸಿತ್ತು. ಹೆಂಡತಿ ಗೌರಮ್ಮನಿಗೆ ಹೆದರಿ ಸುಮ್ಮನಾದೆ.

ಅದರಲ್ಲಿ ತುಂಬಿದ್ದದ್ದಾದರೂ ಏನು ಅಂತೀರಾ? ನೀರು. ಫೋಲ್ಡರಿನ ಹೆಸರೂ ಅದೇ. ಮಾರಿಕಣಿವೆ ಅಣೆಕಟ್ಟು ಕೋಡಿ ಬಿದ್ದದ್ದರ ವಿಡಿಯೋ, ವೇದಾವತಿ ಹೊಳೆ ಊರಿನ ಸೇತುವೆ ಕೆಳಗೆ ಹರಿದದ್ದರ ವಿಡಿಯೋ, ಯಾರದೋ ಹೊಲದಲ್ಲಿ ಬೋರಿನ ನೀರು ತೆಂಗಿನ ಮರದೆತ್ತರ ಚಿಮ್ಮಿದ್ದು, ನಮ್ಮದೇ ಮನೆಯ ತಾರಸಿಯ ಕೊಳವೆಯಿಂದ ಮಳೆ ಸುರಿದದ್ದು. ನಮ್ಮ ನಿವೃತ್ತ ಮೇಷ್ಟರ ಗುಂಪಿನಲ್ಲಿ ಯಾರ ಊರಲ್ಲಿ ಹನಿ ಬಿದ್ದರೂ ವಿಡಿಯೋ ಬರುತ್ತದೆ. ಹೊಸದುರ್ಗದವರು ಕಳಿಸುತ್ತಾರೆ, ಹಿರೇಗುಂಟನೂರಿನವರು ಕಳಿಸುತ್ತಾರೆ. ಬೇರೆ ಕಡೆಯ ಜನ ಮಕ್ಕಳ ಹುಟ್ಟುಹಬ್ಬ ಹಿಡಿದಿಡುತ್ತಾರಂತೆ, ನಾವು ಚರಂಡಿ ತುಂಬಿ ಹರಿದದ್ದನ್ನೂ ಬಿಡುವುದಿಲ್ಲ. ಮೊಬೈಲ್ ತುಂಬಿದಾಗಲೆಲ್ಲ ನಾನು ಅಷ್ಟನ್ನೂ ಕಂಪ್ಯೂಟರಿಗೆ ಇಳಿಸಿ ನೆಮ್ಮದಿಯಿಂದ ಮಲಗುತ್ತಿದ್ದೆ.

ನೆಮ್ಮದಿ ಕೆಟ್ಟದ್ದು ಸೊಸೆಯಿಂದ. ಸವಿತಾ ಸಿವಿಲ್ ಡಿಪ್ಲೊಮಾ ಓದಿದವಳು, ಮನೆಗಳ ಪ್ಲಾನ್ ಬರೆಯುತ್ತಾಳೆ. ಇಷ್ಟು ದಿನ ಒಬ್ಬ ಎಂಜಿನಿಯರ ಕೈಕೆಳಗೆ ಬರೆಯುತ್ತಿದ್ದಳು. ಈಗ ಮೊದಲ ಬಾರಿಗೆ ಹೊಳಲ್ಕೆರೆಯ ಒಬ್ಬರು ತಮ್ಮ ಇಡೀ ಮನೆಯನ್ನು ಅವಳೊಬ್ಬಳನ್ನೇ ನಂಬಿ ಒಪ್ಪಿಸಿದ್ದರು. ಹುಡುಗಿ ಊಟ ತಿಂಡಿ ಮರೆತು ನನ್ನ ಕಂಪ್ಯೂಟರ್ ಮುಂದೆ ಕೂತಿದ್ದಳು. ಒಂದು ಮಧ್ಯಾಹ್ನ ಪರದೆಯ ಮೇಲೆ ‘ವರ್ಚುವಲ್ ಮೆಮೊರಿ ಸಾಲದು’ ಎಂಬ ಸಂದೇಶ ಬಂತು, ಹಿಂದೆಯೇ ಅವಳು ಬರೆಯುತ್ತಿದ್ದ ಮನೆ ಗೋಡೆ ಸಮೇತ ಮಾಯವಾಯಿತು.

ಈ ವರ್ಚುವಲ್ ಮೆಮೊರಿ ಎಂಬುದನ್ನು ನಿಮಗೆ ವಿವರಿಸದೆ ಮುಂದೆ ಹೋದರೆ ನಾನು ಇಷ್ಟು ವರ್ಷ ವಿಜ್ಞಾನ ಪಾಠ ಮಾಡಿದ್ದೇ ದಂಡ. ಕಂಪ್ಯೂಟರಿಗೆ ಒಂದು ಅಡುಗೆ ಕಟ್ಟೆ ಇರುತ್ತದೆ, ಒಂದು ಉಗ್ರಾಣ ಇರುತ್ತದೆ. ಕೆಲಸವೆಲ್ಲ ನಡೆಯುವುದು ಕಟ್ಟೆಯ ಮೇಲೆ. ಮನೆಯಲ್ಲಿ ಮದುವೆ ಮುಂಜಿ ಬಂದಾಗ ಕಟ್ಟೆ ಸಾಲದೆ ಒಂದಿಷ್ಟು ಪಾತ್ರೆಗಳನ್ನು ಉಗ್ರಾಣದ ನೆಲದ ಮೇಲೆ ಇಟ್ಟು, ಬೇಕಾದಾಗ ಎತ್ತಿಕೊಳ್ಳುತ್ತೇವಲ್ಲ, ಅದೇ ವರ್ಚುವಲ್ ಮೆಮೊರಿ. ಓಡಾಟ ಜಾಸ್ತಿಯಾದ್ದರಿಂದ ಕೆಲಸ ನಿಧಾನ, ಆದರೂ ಅಡುಗೆ ಆಗುತ್ತದೆ. ಉಗ್ರಾಣದ ತುಂಬ ಹಳೆ ಚೀಲ ಒಟ್ಟಿದ್ದರೆ ಮಾತ್ರ ಪಾಯಸದ ಪಾತ್ರೆ ಹಿಡಿದವಳು ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಸವಿತಾ ಹಾಗೆ ನಿಂತಿದ್ದಳು. ಆ ಹಳೆ ಚೀಲಗಳು ನನ್ನವು.

“ಮಾವ, ಬೆಳಿಗ್ಗೆಯಿಂದ ಮಾಡಿದ್ದೆಲ್ಲ ಹೋತು,” ಎಂದಳು. “ಸೋಮವಾರ ಪಾಯ ತೆಗಿಯಾಕೆ ಜೆಸಿಬಿ ಹೇಳ್ಯಾರೆ ಅವ್ರು. ಅಷ್ಟ್ರೊಳಗೆ ಕೊಡ್ಲಿಲ್ಲ ಅಂದ್ರೆ ಬೇರೆಯೋರ ಹತ್ರ ಹೋಗ್ತಾರೆ. ಆ ನೀರಿನ ವಿಡಿಯೋ ಅಳಿಸಾಣ ಮಾವ.”

ನಾನು ಜಗ್ಗಲಿಲ್ಲ. ಬೇಕಾದರೆ ನನ್ನ ಪುಸ್ತಕದ ಬೀರು ಖಾಲಿ ಮಾಡು, ನೀರಿನ ತಂಟೆಗೆ ಬರಬೇಡ ಎಂದೆ. ಮಗ ಗಾಳಿಯಂತ್ರದ ಕೆಲಸದವನು, ಗುಡ್ಡದ ಮೇಲಿಂದಲೇ ಫೋನಿನಲ್ಲಿ ಸಲಹೆ ಕೊಟ್ಟ: “ಅಪ್ಪ, ಎಲ್ಲಾನೂ ಕ್ಲೌಡಿಗೆ ಹಾಕ್ಬಿಡು.” ಮೋಡದ ಮಾತು ನನ್ನ ಹತ್ತಿರ ಎತ್ತಬೇಡ ಮಾರಾಯ ಎಂದೆ. ಹುಟ್ಟಿದಾಗಿನಿಂದ ಮೋಡ ನೋಡಿದ್ದೇನೆ. ಹಿರಿಯೂರಿನ ನೆತ್ತಿಯ ಮೇಲೆ ಬಂದು, ಗುಡುಗಿ, ಆಸೆ ತೋರಿಸಿ, ಇನ್ನಾರದೋ ಊರಿಗೆ ಹೋಗಿ ಸುರಿಯುವ ಜಾತಿ ಅದು. ಅದರ ಕೈಗೆ ನನ್ನ ನೀರು ಕೊಡಲೇ?

ಒಳಗಿಂದ ಗೌರಮ್ಮ ಕೂಗಿದಳು: “ಕೊಡಬ್ಯಾಡ್ರಿ, ಕೊಡಬ್ಯಾಡ್ರಿ. ಅವಳ ಕೆಲ್ಸ ಹೋಗ್ಲಿ. ನಿಮ್ಮ ವಿಡಿಯೋದಾಗಿನ ನೀರು ಕುಡ್ಕಂಡು ಎಲ್ರೂ ತಣ್ಣಗೆ ಇರಾಣ!”

ಹೆಂಗಸರಿಬ್ಬರೂ ಒಂದಾದ ಮೇಲೆ ನನಗೆ ಉಳಿದಿದ್ದು ಇತಿಹಾಸ ಒಂದೇ. ಚಿತ್ರದುರ್ಗದ ಕೋಟೆಗೇ ಹತ್ತಿದೆ. ನೋಡಮ್ಮ, ಆ ಕಲ್ಲುಬಂಡೆಯ ಮೇಲೆ ಬಿದ್ದ ಒಂದು ಹನಿಯನ್ನೂ ನಮ್ಮ ಹಿರಿಯರು ಹೊರಗೆ ಚೆಲ್ಲಲಿಲ್ಲ. ಮೇಲಿನ ಹೊಂಡ ತುಂಬಿದರೆ ಕೆಳಗಿನ ಹೊಂಡಕ್ಕೆ, ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ, ಹೀಗೆ ಊರೊಳಗಿನ ಹೊಂಡದವರೆಗೆ ತಂದರು. ಯಾರಾದರೂ ಜಾಗ ಇಲ್ಲ ಅಂತ ನೀರು ಅಳಿಸಿದರಾ? ನೀನು ಭೀಮಸಮುದ್ರದವಳು, ಸಮುದ್ರದಂಥ ಕೆರೆಯ ಏರಿ ಮೇಲೆ ಆಡಿ ಬೆಳೆದವಳು, ಅಡಿಕೆ ತೋಟದ ನೆರಳಿನವಳು. ನಿನಗೆ ನಮ್ಮ ಬಾಯಾರಿಕೆ ಎಲ್ಲಿಂದ ಗೊತ್ತಾಗಬೇಕು? ಕೊನೆಯ ಮಾತು ಸ್ವಲ್ಪ ಹೆಚ್ಚಾಯಿತು. ಆದರೆ ಭಾಷಣಕ್ಕೆ ನಿಂತ ಮೇಷ್ಟರಿಗೆ ಗಂಟೆ ಹೊಡೆಯುವ ತನಕ ನಿಲ್ಲಿಸಿ ಅಭ್ಯಾಸವಿಲ್ಲ.

ಸವಿತಾ ಸಿಟ್ಟಾಗಲಿಲ್ಲ. “ಹೌದು ಮಾವ, ಕೆರೆ ಏರಿ ಮ್ಯಾಲೇ ಬೆಳೆದೋಳು. ಅದಕ್ಕೇ ಹೇಳ್ತೀನಿ, ಹೂಳು ತೆಗಿಲಿಲ್ಲ ಅಂದ್ರೆ ಕೆರೆ ಇದ್ದೂ ಇಲ್ದಂಗೆ. ನಿಮ್ಮ ನೀರು ಇರ್ಲಿ. ಹೂಳಾದ್ರೂ ತೆಗಿಯಾಣ ಬರ್ರಿ, ಕುಂತ್ಕಳ್ರಿ,” ಎಂದು ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದಳು.

ಕೂತೆ. ಸಿಟ್ಟಿನಲ್ಲೇ ಕೂತೆ. ಅಲ್ಲಿಯವರೆಗೆ ನಾನು ಆ ಫೋಲ್ಡರಿಗೆ ತುಂಬಿದ್ದೆನೇ ಹೊರತು ಒಂದು ದಿನ ತೆರೆದು ನೋಡಿದವನಲ್ಲ. ಒಂದೇ ವಿಡಿಯೋ ಮೂರು ನಾಲ್ಕು ಮಂದಿಯಿಂದ ಬಂದು ಬೇರೆ ಬೇರೆ ಹೆಸರಿನಲ್ಲಿ ಕೂತಿತ್ತು. ಅದು ಹೋಗಲಿ, ‘ನಮ್ಮ ಮಾರಿಕಣಿವೆಯ ಭವ್ಯ ದೃಶ್ಯ’ ಎಂದು ಬಂದ ಒಂದರಲ್ಲಿ ಸಾಲಾಗಿ ಗೇಟುಗಳನ್ನೆತ್ತಿ ನೀರು ಬಿಡುತ್ತಿದ್ದರು. ನಮ್ಮದರಲ್ಲಿ ನೀರು ಪಕ್ಕದ ಕೋಡಿಯ ಮೇಲಿಂದ ತಾನಾಗಿಯೇ ಹರಿಯುತ್ತದೆ, ಇದು ಹಿರಿಯೂರಿನ ಎಳೆ ಮಗುವಿಗೂ ಗೊತ್ತು. ಇನ್ನೊಂದರಲ್ಲಿ ನಮ್ಮ ವೇದಾವತಿಯ ಮೇಲೆ ಮೀನುಗಾರರ ದೋಣಿಗಳು ಸಾಲುಗಟ್ಟಿ ಹೋಗುತ್ತಿದ್ದವು! ನೀರು ಕಂಡರೆ ಸಾಕು, ಅದು ನಮ್ಮದೇ ಅಂದುಕೊಂಡು ಕಣ್ಣು ಮುಚ್ಚಿ ಒಳಗಿಟ್ಟುಕೊಳ್ಳುವ ತಪ್ಪನ್ನು ನಮ್ಮ ಸೀಮೆಯವರಲ್ಲದೆ ಇನ್ನಾರು ಮಾಡಿಯಾರು? ಪರವೂರಿನ ನೀರನ್ನೆಲ್ಲ ನಾನೇ ಅಳಿಸಿದೆ. ಒಂದೊಂದನ್ನು ಒತ್ತುವಾಗಲೂ ಆ ಕಳಿಸಿದವನನ್ನು ಹೆಸರು ಹಿಡಿದು ಬೈದೆ. ಸವಿತಾ ನಗುತ್ತ ಕೂತಿದ್ದಳು.

ಕೆಂಪು ಹೋಗಿ ನೀಲಿ ಬಂತು. ಆದರೂ ಸಾಲದು ಎಂದಳು. ಉಳಿದಿದ್ದವು ನಾನೇ ತೆಗೆದ ವಿಡಿಯೋಗಳು. ಅದರಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ತೆರೆದಳು. ವೇದಾವತಿಗೆ ನೀರು ಬಂದ ದಿನ ಸೇತುವೆಯ ಮೇಲೆ ನಿಂತು ತೆಗೆದದ್ದು. ಅದರಲ್ಲಿ ನೀರೇ ಇರಲಿಲ್ಲ. ಗಡಿಬಿಡಿಯಲ್ಲಿ ನನ್ನ ಕಡೆಯ ಕ್ಯಾಮೆರಾ ಒತ್ತಿಬಿಟ್ಟಿದ್ದೆ. ಪರದೆಯ ತುಂಬ ನನ್ನದೇ ಮುಖ, ಹಿಂದೆ ಸೆರಗು ಬಾಯಿಗೊತ್ತಿಕೊಂಡ ಗೌರಮ್ಮ, ಅವಳ ಹಿಂದೆ ಅರ್ಧ ಊರು. “ಬಂತು! ಬಂತಲ್ಲೋ! ನೋಡ್ರಲೇ!” ಎಂದು ನಾನು ಒಂದೇ ಸಮನೆ ಕಿರುಚುತ್ತಿದ್ದೆ. ಕಣ್ಣಲ್ಲಿ ಧಾರಾಕಾರ ನೀರು.

ಸೊಸೆಯ ಮುಂದೆ ನನಗೆ ವಿಪರೀತ ನಾಚಿಕೆಯಾಯಿತು. ನಿಲ್ಲಿಸಮ್ಮ ಎಂದೆ. ಅವಳು ನಿಲ್ಲಿಸಲಿಲ್ಲ.

“ಯಾಕೆ ಮಾವ ಅಷ್ಟು ಅತ್ತಿದ್ರಿ?”

“ಹೊಳೆ ಹೊಳೆ ಅಂತಿದ್ವಲ್ಲ, ಅದ್ರಾಗೆ ನಾವು ಕ್ರಿಕೆಟ್ ಆಡ್ತಿದ್ವಿ ಕಣಮ್ಮ. ನನ್ನ ಮಗನೂ ಅಲ್ಲೇ ಆಡ್ದ. ಅವತ್ತು ನಾವು ಸ್ಟಂಪು ನೆಡ್ತಿದ್ದ ಜಾಗದ ಮ್ಯಾಲೆ ನೀರು ಹೋತು.”

ಅವಳು ಆ ವಿಡಿಯೋ ಮುಚ್ಚಿ, ತನ್ನದೇ ಫೋಲ್ಡರ್ ತೆರೆದಳು. ಅಲ್ಲಿ ಒಂದೊಂದು ಮನೆಯ ಪ್ಲಾನೂ ‘ಫೈನಲ್’, ‘ಹೊಸ ಫೈನಲ್’, ‘ವಾಸ್ತು ಆದಮೇಲೆ ಫೈನಲ್’ ಎಂದು ರಾಶಿ ಬಿದ್ದಿತ್ತು. ಒಬ್ಬರ ಮನೆಯ ಅಡುಗೆಮನೆಯಂತೂ ದಿಕ್ಕು ದಿಕ್ಕಿಗೆ ಓಡಾಡಿತ್ತು. ಹಳೆಯವನ್ನೆಲ್ಲ ಅಳಿಸಿ, ವರ್ಚುವಲ್ ಮೆಮೊರಿಗೆ ಬೇಕಾದಷ್ಟು ಜಾಗ ಬಿಟ್ಟು ಸೆಟ್ಟಿಂಗ್ ಬದಲಾಯಿಸಿ, ಮತ್ತೆ ಮೊದಲಿಂದ ಗೋಡೆ ಎಳೆಯತೊಡಗಿದಳು. ನನ್ನ ಅಳುಮುಖ ಹಾಗೇ ಉಳಿಯಿತು. ಪ್ಲಾನ್ ಭಾನುವಾರವೇ ಹೊಳಲ್ಕೆರೆ ಮುಟ್ಟಿತು.

ಸೋಮವಾರ ಬೆಳಿಗ್ಗೆ ಆ ಮನೆಯವರ ಫೋನು. ಸವಿತಾ ಜಗಲಿಯಲ್ಲಿ ನಿಂತು ಮಾತಾಡುತ್ತಿದ್ದಳು. ತಾರಸಿಯ ಮಳೆ ನೀರೆಲ್ಲ ಇಳಿಯುವ ಹಾಗೆ ಕಾರು ನಿಲ್ಲಿಸುವ ಜಾಗದ ಕೆಳಗೆ ಒಂದು ಸಂಪು ಬರೆದಿದ್ದಳಂತೆ. ಅವರು ಹೇಳಿದ್ದರ ಎರಡರಷ್ಟು ದೊಡ್ಡದು. ಅದೇ ಜಗಳ.

“ಖಾಲಿ ಇರ್ತೈತೆ ಅಂದ್ರೆ ಇರ್ಲಿ ಬಿಡ್ರಿ ಸಾರ್. ವರ್ಷೆಲ್ಲ ಖಾಲಿ ಇರ್ಲಿ. ಬಂದ ದಿನ ಎಲ್ಲಿ ಹಿಡೀತೀರಿ?”

ಆ ಕಡೆಯವರು ಏನೋ ಹೇಳಿದರು. ಅವಳ ಮೊದಲ ಕೆಲಸ, ಸುಮ್ಮನೆ ಹ್ಞೂಂ ಅನ್ನಬಾರದೇ ಎಂದು ನನಗನ್ನಿಸಿತು.

“ಇಲ್ಲ ಸಾರ್. ಚಿಕ್ಕದು ಬೇಕಂದ್ರೆ ಬೇರೆಯೋರ ಹತ್ರ ಬರೆಸ್ಕಳ್ರಿ. ನಾನು ಮಾತ್ರ ಮಾಡಲ್ಲ.”

ಆ ಕಡೆಯವರು ಮತ್ತೇನೋ ಹೇಳಿದರು. ಆಮೇಲೆ ಅವಳು ಮೆಲ್ಲಗೆ, “ಆಗ್ಲಿ ಸಾರ್, ಜೆಸಿಬಿಯೋನಿಗೆ ಫೋನ್ ಕೊಡ್ರಿ, ಆಳ ನಾನೇ ಹೇಳ್ತೀನಿ,” ಎಂದಳು.

ನಾನು ಅಡುಗೆಮನೆಗೆ ಓಡಿದೆ. “ಲೇ ಗೌರಿ, ಕೇಳಿದ್ಯಾ? ನಮ್ಮ ಸವಿತಾ ಇವತ್ತು ಹಿರಿಯೂರಿನೋಳು ಆದ್ಲು ಕಣೇ!”

ಗೌರಮ್ಮ ಒಗ್ಗರಣೆಯಿಂದ ತಲೆ ಎತ್ತಲೂ ಇಲ್ಲ. “ಅವಳಾಗಿ ಯಾವ ಕಾಲ ಆತು. ನಿಮ್ಮ ತಲೆಯಾಗೆ ಜಾಗ ಇರ್ಲಿಲ್ಲ, ಅಷ್ಟೇ,” ಎಂದಳು.